ಸಬರ್ ಅಂದ ಮೇಲೆ ಮಾತಿಲ್ಲ

ಫೋಟೋ ಸ್ಟುಡಿಯೋಕ್ಕೆ ಬಂದವರೆಲ್ಲ ಗಂಭೀರವಾಗಿಯೇ ಕೂರುತ್ತಾರೆ. ಆದರೆ ನಗು ಬರಿಸುವ ಪ್ರಸಂಗಗಳು ಮಾತ್ರ ಹೇಗೋ ದಾರಿ ಕೇಳಿಕೊಂಡು ನನ್ನ ಸ್ಟುಡಿಯೋಕ್ಕೇ ಬರುತ್ತವೆ. ಎರಡು ಸಾವಿರದ ಇಸವಿ ದಾಟಿದ ಹೊಸತು, ಇನ್ನೂ ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲ. ಶುಕ್ರವಾರ ಸಂಜೆಯಾಯಿತೆಂದರೆ ನನಗೆ ಗಿರಾಕಿಯೇ ಬೇಡವಾಗುತ್ತಿತ್ತು. ಸ್ಟುಡಿಯೋ ಇರುವುದು ಹೊನ್ನಾವರದಲ್ಲಿ. ಶುಕ್ರವಾರ ತನ್ನ ಅಂಗಡಿಗೆ ರಜೆಯಾದ್ದರಿಂದ ಭಟ್ಕಳದ ಗೆಳೆಯ ಆ ಕಡೆಯಿಂದ ಬಸ್ಸು ಹತ್ತುತ್ತಿದ್ದ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಕುಮಟೆಯ ಗೆಳೆಯ ಕೆಲಸ ಮುಗಿಸಿ ಈ ಕಡೆಯಿಂದ ಹತ್ತುತ್ತಿದ್ದ. ಪಕ್ಕದ ದವಾಖಾನೆಯ ಕಂಪೌಂಡರನಿಗೆ ಬಸ್ಸಿನ ಖರ್ಚೂ ಇರಲಿಲ್ಲ. ಮೀಸೆ ಬಂದು ಎಷ್ಟೋ ಕಾಲವಾಗಿದ್ದ ನಾವು ನಾಲ್ವರು ಚಾಪೆ ಹಾಸಿ ಕೂತು ಆಡುತ್ತಿದ್ದದ್ದು ಮಕ್ಕಳ ರಾಕ್ಷಸ ಕಾರ್ಡು!

೧. ನಿಯಮ ಓದಿದ್ದು

ಕಾರ್ಡು ಬಂದದ್ದು ದುಬೈಯಿಂದ. ಭಟ್ಕಳದವನ ಭಾವ ಸೆಂಟು, ಟಾರ್ಚು, ಖರ್ಜೂರದ ಜೊತೆ ತಂದಿದ್ದ. ರೆಕ್ಕೆಯ ಹಾವು, ಮೂರು ತಲೆಯ ನಾಯಿ, ಬೆಂಕಿ ಉಗುಳುವ ಆಮೆ. ಹಾವೊಂದನ್ನು ಬಿಟ್ಟರೆ ಎಲ್ಲಕ್ಕಿಂತ ಮೇಲೆ ಒಂದು ಹಸಿರು ಡ್ರ್ಯಾಗನ್ನು, ಬೆಳಕಿಗೆ ಹಿಡಿದರೆ ಮಿರಮಿರ ಮಿಂಚುತ್ತಿತ್ತು. ಪ್ರತಿ ಕಾರ್ಡಿನ ಕೆಳಗೂ ಅದರ ಶಕ್ತಿ ಎಷ್ಟೆಂದು ಅಂಕಿ. ಆದರೆ ಆಡುವುದು ಹೇಗೆ ಎಂಬ ಚೀಟಿ ಪೂರ್ತಿ ಅರಬ್ಬಿಯಲ್ಲಿ.

"ನೀನು ಓದ್ತೀಯಲ್ಲ, ಓದು" ಅಂದೆವು ಮದರಸಾದಲ್ಲಿ ಅರಬ್ಬಿ ಅಕ್ಷರ ಕಲಿತಿದ್ದ ಭಟ್ಕಳದವನಿಗೆ.

ಅವನು ಕನ್ನಡಕ ಹಾಕಿದ. ತಲೆಯಿಂದ ಬುಡದವರೆಗೆ ಒಂದೂ ತಡೆಯಿಲ್ಲದೆ ಸರಾಗವಾಗಿ ಓದಿದ. ನಾವು ಬಾಯಿ ತೆರೆದು ಕೇಳಿದೆವು. ಮುಗಿದ ಮೇಲೆ ಕಂಪೌಂಡರ ಕೇಳಿದ: "ಹಾಗಾದ್ರೆ ಎಂತ ಅರ್ಥ?"

"ಅರ್ಥ ನಂಗೆಂತ ಗೊತ್ತು? ಓದು ಅಂದ್ರಿ, ಓದಿದೆ" ಅಂದ.

ಮತ್ತೆ ಮತ್ತೆ ಕಣ್ಣಾಡಿಸಿ ಉರ್ದುವಿನಲ್ಲೂ ಇರುವ ಒಂದೇ ಒಂದು ಶಬ್ದ ಹೆಕ್ಕಿ ತೆಗೆದ. ಸಬರ್, ಅಂದರೆ ತಾಳ್ಮೆ. ಉಳಿದದ್ದನ್ನೆಲ್ಲ ನಾವೇ ಕಟ್ಟಿದೆವು. ಇಬ್ಬರು ಒಂದೊಂದು ಕಾರ್ಡು ಮಗುಚಿ ಇಡಬೇಕು. ಎದುರಿನವನ ಕಾರ್ಡು ದೊಡ್ಡದೆಂದು ಅನುಮಾನ ಬಂದರೆ ಹಿಂದೆ ಸರಿಯಬಹುದು. ಧೈರ್ಯ ಇದ್ದರೆ ತಿರುಗಿಸಬಹುದು. ಸೋತವನ ಕಾರ್ಡು ಗೆದ್ದವನಿಗೆ. ಯಾರಾದರೂ "ಸಬರ್" ಅಂದರೆ ಕಾರ್ಡು ತಿರುಗುವ ತನಕ ಕೂತವರಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಅವನ ಅತಿ ಒಳ್ಳೆಯ ಕಾರ್ಡು ಹೋಯಿತು. ದುಬೈಯಲ್ಲಿ ಅದನ್ನು ಹೇಗೆ ಆಡುತ್ತಾರೋ ನಮಗೆ ಇವತ್ತಿಗೂ ಗೊತ್ತಿಲ್ಲ, ಆದರೆ ನಮ್ಮಷ್ಟು ಜಗಳವಾಡಿ ಆಡಿರಲಿಕ್ಕಿಲ್ಲ.

೨. ಕುಮಟೆಯವನ ಮುಖ

ಈ ಆಟಕ್ಕೆ ಬೇಕಾದದ್ದು ಕಲ್ಲಿನಂಥ ಮುಖ. ಕುಮಟೆಯವನಿಗೆ ದೇವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟಿದ್ದ. ಡ್ರ್ಯಾಗನ್ನು ಕೈಗೆ ಬಂದರೆ ಕಿವಿ ಕೆಂಪಗಾಗುತ್ತಿತ್ತು. ಕಪ್ಪೆಯಂಥ ಬಡ ಕಾರ್ಡು ಬಂದರೆ ಗಲ್ಲ ಇಳಿಯುತ್ತಿತ್ತು. ಅವನು ಕಾರ್ಡು ಮಗುಚಿ ಇಟ್ಟರೂ ಒಂದೇ, ತೆರೆದು ಇಟ್ಟರೂ ಒಂದೇ. ಪಾಸ್‌ಪೋರ್ಟ್ ಫೋಟೋ ತೆಗೆದು ಬೆರಳು ಸವೆದ ನಾನು ಅಂಥ ಮುಖ ಇನ್ನೊಂದು ಕಂಡಿಲ್ಲ.

ಒಂದು ಶುಕ್ರವಾರ ಅವನು ಬಂದವನೇ ಸೀದಾ ನನ್ನ ಸ್ಟುಡಿಯೋದ ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದ. ಗಿರಾಕಿಗಳಿಗೆಂದು ಇಟ್ಟಿದ್ದ ಕೋಟು ತೊಟ್ಟು, ಕೂಲಿಂಗ್ ಗ್ಲಾಸು ಏರಿಸಿ, ಮಫ್ಲರು ಸುತ್ತಿ ಗತ್ತಿನಲ್ಲಿ ಕೂತ. "ಇವತ್ತು ನೋಡ್ವ, ಯಾರು ನನ್ನ ಮುಖ ಓದ್ತೀರಿ ಅಂತ!"

ನಾವು ಯಾರೂ ಮುಖ ಓದಲಿಲ್ಲ. ಆ ಕೂಲಿಂಗ್ ಗ್ಲಾಸಿಗೆ ಕನ್ನಡಿಯ ಹೊಳಪಿತ್ತು. ಅವನ ಕೈಯಲ್ಲಿದ್ದ ಕಾರ್ಡುಗಳೆಲ್ಲ ಅದರಲ್ಲಿ ಸಾಲಾಗಿ ಕಾಣುತ್ತಿದ್ದವು. ಹನ್ನೊಂದು ಕಾರ್ಡು ಕಳೆದುಕೊಂಡು, ಕೋಟಿನೊಳಗೆ ಬೆವರಿ ಎದ್ದವನು ಹೇಳಿದ್ದು ಇಷ್ಟೇ: "ಈ ಕೋಟೇ ಸರಿ ಇಲ್ಲ ಮಾರಾಯ."

೩. ಎದುರಿನ ಚಾ ಅಂಗಡಿಯ ಸುದ್ದಿ

ಇಷ್ಟರಲ್ಲಿ ಕುಮಟೆಯವನಿಗೆ ಕತಗಾಲದ ಒಂದು ಹುಡುಗಿಯನ್ನು ನೋಡಿದರು. ನೋಡಿ ಬಂದವನು ಆಟದ ಮಧ್ಯದಲ್ಲಿ ಸುಮ್ಮನೆ ನಗತೊಡಗಿದ. ಎಷ್ಟೋ ಕಡೆ ನೋಡಿ ಸಾಕಾಗಿದ್ದವನಿಗೆ ಈ ಸಲ ಮನಸ್ಸು ಪೂರ್ತಿ ಅಲ್ಲೇ ನಿಂತಿತ್ತು. ಹುಡುಗಿಗೂ ಒಪ್ಪಿಗೆಯಂತೆ. ಬಾಕಿ ಇದ್ದದ್ದು ಒಂದೇ, ವಿಚಾರಣೆ. ನಮ್ಮ ಕಡೆ ಹೆಣ್ಣಿನವರು ಹೇಳದೆ ಕೇಳದೆ ಬಂದು, ಹುಡುಗ ಎಲ್ಲಿ ಕೂರುತ್ತಾನೆ, ಯಾರ ಜೊತೆ ತಿರುಗುತ್ತಾನೆ ಎಂದು ಅಂಗಡಿ ಅಂಗಡಿಯಲ್ಲಿ ಕೇಳಿ ಹೋಗುವುದುಂಟು.

ಎದುರಿನ ಚಾ ಅಂಗಡಿಯವನಿಗೆ ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಅರ್ಧ ಮುಚ್ಚಿದ ಬಾಗಿಲು, ಚಾಪೆ, ನಾಲ್ವರ ಕೈಯಲ್ಲೂ ಇಸ್ಪೀಟಿನಂಥ ಎಲೆ. ಅವನು ಅದಕ್ಕೆ ಇಷ್ಟು ಒಗ್ಗರಣೆ ಹಾಕಿ ಬಸ್ಸಿನವರಿಗೆ ದಾಟಿಸಿದ. ಮೂರನೇ ದಿನ ಕುಮಟೆಯ ಗೆಳೆಯನ ಅಮ್ಮನ ಫೋನು.

"ತಮಾ, ನಮ್ಮ ಮಾಣಿ ಅಲ್ಲಿ ಇಸ್ಪೀಟು ಆಡ್ತ್ನಡ, ಹೌದನಾ? ಕತಗಾಲದವ್ಕೆ ಗೊತ್ತಾದ್ರೆ ಸಂಬಂಧ ಹೋತು!"

"ಛೆ ಛೆ, ಇಸ್ಪೀಟಲ್ಲ ಅಮ್ಮಾ. ರಾಕ್ಷಸರ ಕಾರ್ಡು, ಚಿಕ್ಕ ಮಕ್ಕಳು ಆಡೂದು" ಅಂದೆ ಸಮಾಧಾನಕ್ಕೆ.

ಆ ಕಡೆಯಿಂದ ಅಮ್ಮ ಕ್ಷೀಣ ದನಿಯಲ್ಲಿ ಹೇಳಿದರು: "ಹಂಗಾರೆ ಯಾರಾದ್ರೂ ಕೇಳಿರೆ ಇಸ್ಪೀಟು ಹೇಳೇ ಹೇಳು ತಮಾ. ಅದೇ ವಾಸಿ."

೪. ವಿಚಾರಣೆ

ಮುಂದಿನ ಶುಕ್ರವಾರ ಆಟ ರಂಗೇರಿತ್ತು. ಮಿಂಚುವ ಡ್ರ್ಯಾಗನ್ನು ಕುಮಟೆಯವನ ಕೈಯಲ್ಲಿತ್ತು. ಅವನ ಕಿವಿಯೇ ಹೇಳುತ್ತಿತ್ತಲ್ಲ. ಭಟ್ಕಳದವನು ತನ್ನ ಕಾರ್ಡು ಮಗುಚಿಟ್ಟು ಜೋರಾಗಿ "ಸಬರ್!" ಅಂದ. ಅದೇ ಗಳಿಗೆಗೆ ಬಾಗಿಲು ತಳ್ಳಿ ಬಿಳಿ ಅಂಗಿ, ಪಂಚೆಯ ಹಿರಿಯರೊಬ್ಬರು ಬಂದರು.

"ನಾನು ಕತಗಾಲದವ. ಹುಡುಗಿಯ ಸೋದರಮಾವ. ನೋಡುವ ದಿನ ನಾನು ಇರಲಿಲ್ಲ. ಕುಮಟೆ ಸೊಸೈಟಿಯ ಒಬ್ಬ ಹುಡುಗ ಇಲ್ಲಿಗೆ ಬರ್ತಾನಂತಲ್ಲ, ಹೇಗೆ ಅವನು?"

ನಾವು ನಾಲ್ವರೂ ಗಪ್‌ಚುಪ್. ಸಬರ್ ಬಿದ್ದಿದೆ, ಬಾಯಿ ಬಿಟ್ಟರೆ ಕಾರ್ಡು ಹೋಗುತ್ತದೆ! ಕುಮಟೆಯವನು ಕಾರ್ಡು ತಿರುಗಿಸಿದರೆ ಎಲ್ಲರಿಗೂ ಬಿಡುಗಡೆ. ಆದರೆ ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಹುಡುಗನ ಬಗ್ಗೆ ಕೇಳಿದರೆ ಸ್ನೇಹಿತರೇ ಸುಮ್ಮನಾದರು ಎಂದರೆ ಅದಕ್ಕಿಂತ ಕೆಟ್ಟ ಉತ್ತರ ಉಂಟೇ? ಮಾವ ನಮ್ಮ ಮುಖವನ್ನು ಒಂದೊಂದಾಗಿ ನೋಡಿದರು.

"ಅಷ್ಟು ಹಾಳಾ ಅವನು?"

ಕುಮಟೆಯವನು ಕಾರ್ಡು ತಿರುಗಿಸಿಯೇ ಬಿಟ್ಟ. ತಡೆದಿಟ್ಟ ಮಾತು ನಾಲ್ಕು ಬಾಯಿಂದ ಒಟ್ಟಿಗೆ ಹಾರಿತು.

"ಚಿನ್ನದಂಥ ಹುಡುಗ!" ನಾನು.

"ಕಾರ್ಡು ಮುಟ್ಟೂದೇ ಇಲ್ಲ!" ಕಂಪೌಂಡರ, ಕೈಯಲ್ಲಿ ಏಳು ಕಾರ್ಡು ಹಿಡಿದು.

"ಅವನು ಇಲ್ಲಿಗೆ ಬರೂದೇ ಇಲ್ಲ ಸಾಹೇಬ್ರೆ!" ಭಟ್ಕಳದವ.

"ನಾನೇ ಅದು" ಅಂದ ಕುಮಟೆಯವ.

ಮಾವ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತು, "ಎಂತ ಆಟ ಇದು? ಹೇಳಿಕೊಡಿ" ಅಂದರು. ಹೇಳಿಕೊಟ್ಟೆವು. ಎರಡು ಸುತ್ತು ಸೋತರು. ಮೂರನೆಯ ಸುತ್ತಿನಿಂದ ಕಾರ್ಡನ್ನು ಬಿಟ್ಟು ಕುಮಟೆಯವನ ಕಿವಿಯನ್ನೇ ನೋಡತೊಡಗಿದರು. ಬೆಂಕಿಯ ಆಮೆ ಹೋಯಿತು, ಮೂರು ತಲೆಯ ನಾಯಿ ಹೋಯಿತು. ಕೊನೆಗೆ ಡ್ರ್ಯಾಗನ್ನಿಗಿಂತ ಶಕ್ತಿಯ ರೆಕ್ಕೆಯ ಹಾವನ್ನು ಕಾದಿಟ್ಟು ಅದನ್ನೂ ಗೆದ್ದು, ಅಂಗಿಯ ಕಿಸೆಗೆ ಹಾಕಿಕೊಂಡು ಕತಗಾಲದ ದಾರಿ ಹಿಡಿದರು. ಹುಡುಗ ಹೇಗೆ ಎಂದು ಮತ್ತೆ ಕೇಳಲೇ ಇಲ್ಲ.

ಆ ವಾರ ನಮಗ್ಯಾರಿಗೂ ಊಟ ಸೇರಲಿಲ್ಲ. ಒಂದು ಸುಡುಗಾಡು ನಿಯಮಕ್ಕೆ ಗೆಳೆಯನ ಮದುವೆ ತಪ್ಪಿಸಿದೆವಲ್ಲ ಎಂದು ನಾನು ಕಾರ್ಡಿನ ಕಟ್ಟನ್ನು ಪೆಟ್ಟಿಗೆಯ ತಳಕ್ಕೆ ತಳ್ಳಿದೆ. ಮುಂದಿನ ಶುಕ್ರವಾರ ಅವನು ಬಾಗಿಲಲ್ಲಿ ನಿಂತ. ತಲೆ ತಗ್ಗಿಸಿ, ದೊಡ್ಡ ಉಸಿರು ಬಿಟ್ಟು, "ಎಲ್ಲ ಮುಗೀತು ಮಾರಾಯ" ಅಂದ.

ಭಟ್ಕಳದವನು ಒಂದೇ ಸಲ ಅವನ ಕೆಂಪು ಕಿವಿ ನೋಡಿ, "ಮುಬಾರಕ್! ಮದುವೆ ಯಾವಾಗ?" ಅಂದ.

ನಾವು ಎದ್ದು ಕುಣಿದ ರಭಸಕ್ಕೆ ಸ್ಟುಡಿಯೋದ ಪರದೆ ಕಳಚಿ ಬಿತ್ತು. ಕಂಪೌಂಡರನಂತೂ ಅವನನ್ನು ಎತ್ತಿಯೇ ಬಿಟ್ಟ. ಮಾವ ಮನೆಗೆ ಹೋಗಿ ಎಂತ ಹೇಳಿದರು ಎಂದು ಕೇಳಿದೆವು. ಕುಮಟೆಯವನು ಅದನ್ನು ಹೇಳಲು ಬಹಳ ಹೊತ್ತು ನಾಚಿದ.

ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಮಾವ ಹೇಳಿದರಂತೆ: "ಕೂಸೇ, ಕಣ್ಣು ಮುಚ್ಚಿ ಒಪ್ಪು. ಮಾಣಿಗೆ ಎಂತದೂ ಮುಚ್ಚಿಡಲೆ ಬತ್ತಿಲ್ಲೆ. ಕೈಯಲ್ಲಿ ಎಂತ ಇದ್ದು ಹೇಳಿ ಕಿವಿ ನೋಡಿರೆ ಗೊತ್ತಾಗ್ತು. ಜೀವಮಾನ ಪೂರ್ತಿ ನೀನೇ ಗೆಲ್ತೆ!"