ಫರ್ನೇಸ್ ನಿಂತಾಗ ಕೇಳಿದ್ದು

ಗುಟ್ಟಿನ ಸಭೆ ನಡೆಯುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಯಾವುದನ್ನು ಬಂದ್ ಮಾಡುತ್ತಾರೆ, ಊಹಿಸಿ ನೋಡೋಣ. ಬಾಗಿಲು ಅಂದಿರಾ? ತಪ್ಪು. ಫೋನು? ಅದೂ ಅಲ್ಲ. ಫರ್ನೇಸು ಸ್ವಾಮಿ, ಮನೆಯನ್ನು ಬೆಚ್ಚಗಿಡುವ ಫರ್ನೇಸು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲಸದಿಂದ ನಿವೃತ್ತನಾಗಿ ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್‌ನ ಮನೆಯಲ್ಲಿ ಹಾಯಾಗಿದ್ದ ನನ್ನನ್ನು ನಮ್ಮ ಕನ್ನಡ ಸಂಘದವರು ಹಿಡಿದು ಯುವ ಸಮಿತಿಗೆ ‘ಹಿರಿಯ ಸಲಹೆಗಾರ’ನನ್ನಾಗಿ ಮಾಡಿದರು. ಅಂದಿನಿಂದ ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇವೆ, ನಿಲ್ಲುವ ಲಕ್ಷಣವಿಲ್ಲ. ನಮ್ಮ ಜನರಲ್ಲಿ ಒಂದು ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ ಎಂಬ ಆಸೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಆಸೆ ಬಿಟ್ಟವನ ನೆಮ್ಮದಿ ಎಷ್ಟು ದೊಡ್ಡದು ಅಂತ ಈಗ ತಿಳಿಯುತ್ತಿದೆ.

೧. ಮುಕ್ತ ಸಭೆ

ಸಮಿತಿಯಲ್ಲಿ ಹೈಸ್ಕೂಲು, ಕಾಲೇಜಿನ ಹತ್ತು ಹನ್ನೆರಡು ಮಕ್ಕಳು. ಅಧ್ಯಕ್ಷೆ ಫಾರ್ಮಿಂಗ್ಟನ್ ಹಿಲ್ಸ್‌ನ ಹೃದಯದ ಡಾಕ್ಟರೊಬ್ಬರ ಮಗಳು. ಡಾಕ್ಟರು ಹುಬ್ಬಳ್ಳಿ ಕಡೆಯವರು. ಸಭೆ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ.

ಬಾಗಿಲು ಹಾಕಿಕೊಂಡು ಮಕ್ಕಳು ಏನು ಮಾತಾಡುತ್ತಾರೋ ಅಂತ ತಂದೆತಾಯಿಯರಿಗೆ ತಳಮಳ ಶುರುವಾಯಿತು. ಪಾರದರ್ಶಕತೆ ಬೇಕು ಅಂದರು. ಸರಿ, ಒಂದು ಸಭೆಗೆ ಎಲ್ಲರೂ ಬನ್ನಿ ಅಂದೆವು. ಷರತ್ತು ಒಂದೇ, ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಬೇಕು.

ಮೊದಲ ವಿಷಯ ಪಿಕ್ನಿಕ್ ಎಲ್ಲಿ ಅನ್ನೋದು. ಹಿಂದೆ ಕೂತ ತಂದೆಯೊಬ್ಬರು ಗಂಟಲು ಸರಿಮಾಡಿಕೊಂಡು, ಪಾರ್ಕಿಂಗ್ ಬಗ್ಗೆ ಒಂದೇ ಒಂದು ಮಾತು ಅಂದರು. ಇನ್ನೊಬ್ಬರು ಮೊಸರನ್ನ ಬಿಸಿಲಲ್ಲಿ ಹುಳಿಯಾಗುತ್ತದೆ ಅಂದರು. ಹುಳಿ ಅಂದದ್ದೇ ತಡ, ಹೋದ ವರ್ಷದ ಬಿಸಿಬೇಳೆಬಾತ್ ಯಾರು ಕೆಡಿಸಿದ್ದು ಅನ್ನುವಲ್ಲಿಗೆ ಬಂತು. ಮಕ್ಕಳು ನೀರು ಕುಡಿಯುವ ನೆಪ ಮಾಡಿ ಒಬ್ಬೊಬ್ಬರಾಗಿ ಮೇಲೆ ಹೋದವರು ಕೆಳಗೆ ಬರಲಿಲ್ಲ. ಸಭೆ ಸಂಜೆಯವರೆಗೂ ಭರ್ಜರಿಯಾಗಿ ನಡೆಯಿತು. ಕೊನೆಗೆ ಚಪ್ಪಾಳೆ ತಟ್ಟಿ ಒಂದು ಠರಾವು ಪಾಸು ಮಾಡಿದರು: ಯುವಕರು ಸಭೆಗಳಲ್ಲಿ ಇನ್ನೂ ಹೆಚ್ಚಾಗಿ ಭಾಗವಹಿಸಬೇಕು.

ಯುವಕರು ಆಗ ಐಸ್‌ಕ್ರೀಮ್ ಅಂಗಡಿಯಲ್ಲಿದ್ದರು.

೨. ಚಪ್ಪಲಿ ಸಾಕ್ಷಿ

ಅದಾದ ಮೇಲೆ ಅಧ್ಯಕ್ಷೆ ನಿಯಮ ಮಾಡಿದಳು. ಇಲ್ಲಿ ಆಡಿದ್ದು ಇಲ್ಲೇ ಇರಬೇಕು, ಸಭೆ ನಡೆಯುತ್ತಿದೆ ಅನ್ನೋದೂ ಯಾರಿಗೂ ಗೊತ್ತಾಗಬಾರದು. ಮಕ್ಕಳು ಕಾರುಗಳನ್ನು ನಮ್ಮ ಬಡಾವಣೆಯ ಆಚೆ ಕೊನೆಯಲ್ಲಿ ನಿಲ್ಲಿಸಿ ನಡೆದು ಬಂದರು. ಕಿಟಕಿಗೆ ಪರದೆ ಎಳೆದೆವು. ಪಕ್ಕದ ಬೀದಿಯ ಆಂಟಿ ಸ್ಟೀಲ್ ಡಬ್ಬಿ ವಾಪಸ್ ಕೊಡಲು ಬಂದವರು ಬಾಗಿಲ ಬುಡ ನೋಡಿ, "ಈ ಕೆಂಪು ಲೇಸಿನ ಶೂ ಡಾಕ್ಟರ ಮಗಳದ್ದಲ್ವಾ?" ಅಂದರು. ಎಷ್ಟು ಓದಿದರೇನು, ಗುಟ್ಟಿನ ಸಭೆಗೆ ಬಂದವರೂ ಶೂ ಹೊರಗೇ ಬಿಡುವ ಜನ ನಾವು.

ಮುಂದಿನ ಸಲ ಶೂಗಳನ್ನು ಕೈಯಲ್ಲಿ ಹಿಡಿದು ಬೇಸ್‌ಮೆಂಟಿಗೇ ಇಳಿಯಿರಿ ಅಂದೆ. ಹಾಗೇ ಮಾಡಿದರು. ಆಂಟಿ ಇನ್ನೊಂದು ಡಬ್ಬಿ ಹಿಡಿದು ಬಂದರು. ಖಾಲಿ ಹೊಸ್ತಿಲನ್ನು ನೋಡಿದರು.

"ಒಂದೂ ಶೂ ಇಲ್ಲ ಅಂದ್ಮೇಲೆ," ಅಂದರು, "ಏನೋ ದೊಡ್ಡದೇ ನಡೀತಿದೆ."

೩. ಅರವತ್ತು ಡಿಗ್ರಿ

ಅಕ್ಟೋಬರಿನ ಸಭೆಯ ಕೊನೆಗೆ ಅಧ್ಯಕ್ಷೆ ತನ್ನದೇ ಒಂದು ವಿಷಯ ಹೇಳಿದಳು. ಡಾಕ್ಟರಾಗುವ ಓದು ಬಿಡುತ್ತಾಳಂತೆ. ಕಿವಿ ಕೇಳದ ಮಕ್ಕಳಿಗೆ ಟೀಚರ್ ಆಗುತ್ತಾಳಂತೆ. ಅದಕ್ಕಾಗಿ ಕೈಸನ್ನೆಯ ಭಾಷೆಯನ್ನೂ ಕಲಿತಿದ್ದಾಳೆ. ಅವಳಪ್ಪನಿಗೋ ತನ್ನ ಕ್ಲಿನಿಕ್ಕಿನಲ್ಲಿ ಮಗಳ ಕುರ್ಚಿ ಹಾಕಿಸುವ ಕನಸು.

"ಐ ಹ್ಯಾವ್ ಟು ಟೆಲ್ ಹಿಮ್ ಮೈಸೆಲ್ಫ್," ಅಂದಳು. ಆಮೇಲೆ ನನಗಾಗಿ ಕನ್ನಡದಲ್ಲಿ, "ಅಪ್ಪಂಗೆ ನನ್ನ ಬಾಯಿಂದಾನೇ ಗೊತ್ತಾಗ್ಬೇಕು, ಅಂಕಲ್. ಬೇರೆಯವರಿಂದ ಗೊತ್ತಾದ್ರೆ ಹಿ ವಿಲ್ ಬಿ ಸೋ ಹರ್ಟ್."

ಎಲ್ಲರೂ ಆಣೆ ಮಾಡಿದೆವು. ಭಾರವಾದ ಮನಸ್ಸಿನಿಂದ ಮೇಲೆ ಬಂದರೆ ಅಡುಗೆಮನೆ ಕೊರೆಯುತ್ತಿದೆ. ನನ್ನ ಹೆಂಡತಿ ಶಾಲು ಹೊದ್ದು ನೆಲದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಾಳೆ. ಪಕ್ಕದಲ್ಲೇ ಬಿಸಿಗಾಳಿ ಬರುವ ವೆಂಟ್. ಅದರ ಕೊಳವೆ ನೇರ ಬೇಸ್‌ಮೆಂಟಿಗೆ ಇಳಿಯುತ್ತದೆ. ಥರ್ಮೋಸ್ಟಾಟ್ ನೋಡಿದರೆ ಅರವತ್ತು ಫ್ಯಾರನ್‌ಹೀಟ್‌ಗೆ ಇಳಿಸಿದ್ದಾಳೆ, ಫರ್ನೇಸ್ ನಿಂತಿದೆ.

"ಫರ್ನೇಸ್ ಓಡ್ತಿದ್ರೆ ಆ ಸದ್ದಲ್ಲಿ ಅರ್ಧ ಮಾತು ಹೋಗುತ್ತೆ ರೀ," ಅಂದಳು.

"ಚಳಿ ಆಗಲ್ವೇನೇ?"

"ಚಳಿ ತಡ್ಕೋಬಹುದು. ಅರ್ಧಂಬರ್ಧ ತಿಳ್ಕೊಂಡು ಬದುಕೋದು ಹೇಗೆ?"

೪. ನಿಮಗೊಬ್ಬರಿಗೇ

ಯಾರಿಗೂ ಹೇಳಬೇಡ ಅಂತ ಬೇಡಿಕೊಂಡೆ. ಮಿಷಿಗನ್‌ನಲ್ಲಿ ಒಂದು ನರಪಿಳ್ಳೆಗೂ ಹೇಳಲ್ಲ ಅಂತ ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಶಿಕಾಗೊ ಹತ್ತಿರ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ತಂಗಿಗೆ ಫೋನ್ ಮಾಡಿದಳು.

ನಮ್ಮಲ್ಲಿ ಗುಟ್ಟಿಗೆ ಒಂದು ಟಿಕೆಟ್ ಇದೆ: ‘ನಿಮಗೊಬ್ಬರಿಗೇ ಹೇಳ್ತಿದೀನಿ.’ ಈ ಟಿಕೆಟ್ ಇದ್ದರೆ ಮಾತು ಎಲ್ಲಿಗೆ ಬೇಕಾದರೂ ಹೋಗಬಹುದು. ಹದಿನೈದು ಮೈಲಿ ದೂರದ ಡಾಕ್ಟರ ಮನೆಗೆ ಹೋಗಬಾರದ ಸುದ್ದಿ ಇಲಿನಾಯ್ ತುಂಬ ಓಡಾಡಿ, ಆರುನೂರು ಮೈಲಿ ಸವೆಸಿ, ನಮ್ಮ ಬಾಗಿಲಿಗೇ ವಾಪಸ್ ಬಂತು. ತಂದವರು ಅದೇ ಡಬ್ಬಿ ಆಂಟಿ. ನನ್ನ ಹೆಂಡತಿಯನ್ನು ಮೂಲೆಗೆ ಕರೆದು ಪಿಸುಗುಟ್ಟಿದರು.

"ಡಾಕ್ಟರ ಮಗಳಿಗೆ ಕಿವಿ ಕೇಳಿಸಲ್ವಂತೆ, ಪಾಪ. ನಿಮಗೊಬ್ಬರಿಗೇ ಹೇಳ್ತಿದೀನಿ."

ಆಂಟಿ ಹೋದ ಮೇಲೆ ನನ್ನ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಈ ಪ್ರಪಂಚದಲ್ಲಿ ಒಬ್ಬರಿಗೂ ಬಾಯಿ ಬಿಗಿ ಹಿಡಿಯೋಕೆ ಬರಲ್ವಲ್ಲ ರೀ ಅಂದಳು.

೫. ಮೌನ ಸಭೆ

ಹುಡುಗಿಗೆ ವೆಂಟಿನ ಸಂಗತಿಯನ್ನಷ್ಟೇ ಹೇಳಿಬಿಟ್ಟೆ. ಸುದ್ದಿಯ ಪ್ರವಾಸದ ಕಥೆ ಹೇಳಲು ನಾಲಗೆ ಏಳಲಿಲ್ಲ. ಅವಳು ಕೋಪಿಸಿಕೊಳ್ಳಲಿಲ್ಲ, ಸಮಿತಿಗೆಲ್ಲ ಕೈಸನ್ನೆ ಕಲಿಸಲು ಕೂತಳು. ಒಂದು ಭಾನುವಾರ ಅಪ್ಪ ನಾಲ್ಕು ಗಂಟೆಗೆ ಕರೆದೊಯ್ಯಲು ಬರುತ್ತಾರೆ, ಕಾರಿನಲ್ಲೇ ಹೇಳಿಬಿಡುತ್ತೇನೆ, ಅದಕ್ಕೆ ಮೊದಲು ಗೆಳೆಯರ ಮುಂದೆ ಅಭ್ಯಾಸ ಮಾಡಬೇಕು ಅಂದಳು. ಎಲ್ಲ ಕೈಯಲ್ಲೇ. ನನಗೆ ಒಂದಕ್ಷರ ತಿಳಿಯದು ಅಂತ ಕಂಡು, "ಅಂಕಲ್, ಗೋ ಹ್ಯಾವ್ ಕಾಫಿ," ಅಂತ ಮೇಲಕ್ಕೆ ಕಳಿಸಿದರು. ನನ್ನ ಹೆಂಡತಿ ಹಟ ಬಿಡದೆ ಅರವತ್ತಕ್ಕೆ ಇಳಿಸಿ ವೆಂಟಿನ ಪಕ್ಕ ಕೂತಿದ್ದಳು. ಕೆಳಗಿನಿಂದ ಪಿಟ್ಟೆನ್ನುವ ಸದ್ದಿಲ್ಲ.

ಓವನ್ ಗಡಿಯಾರದಲ್ಲಿ ನಾಲ್ಕಾಯಿತು. ಡಾಕ್ಟರು ಬಂದರು. ಫೋನಿಗಿಂತ ಕೈಗಡಿಯಾರವನ್ನು ನಂಬುವ ಮನುಷ್ಯ, ನಿಮಿಷ ತಪ್ಪಿಸುವುದಿಲ್ಲ. ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು, "ಏನ್ರಿ ಸರ, ಮನಿಯೊಳಗ ಇಷ್ಟು ಥಂಡಿ?" ಅಂದರು. ಆಮೇಲೆ ದನಿ ತಗ್ಗಿಸಿದರು.

"ಆಕಿಗೆ ಹೇಳಬ್ಯಾಡ್ರಿ. ನನಗ ಎಲ್ಲಾ ಗೊತ್ತದ."

ನನ್ನ ಕಾಫಿ ಲೋಟ ಅಲ್ಲೇ ನಿಂತಿತು.

"ಶಿಕಾಗೊದಿಂದ ಫೋನ್ ಬಂತ್ರಿ, ನಿಮ್ಮ ಮಗಳ ಕಿವಿ ಹೋಗ್ಯಾವಂತ ಅಂದ್ರು. ನನ್ನ ಎದಿನ ಒಡೀತು. ಆಕಿ ಬೆನ್ನ ಹಿಂದ ನಿಂತು ಒಂದು ತಾಟು ಕೆಡವಿ ನೋಡಿದೆ. ತಟ್ಟನ ಹೊಳ್ಳಿ ನೋಡಿದ್ಲು. ಅಲ್ಲೇ ಕುಂತು ಅತ್ತುಬಿಟ್ಟೆ. ಆಮ್ಯಾಲೆ ನಾಕು ಮಂದೀನ ಕೇಳಿದಾಗ ಖರೆ ಸಂಗತಿ ಗೊತ್ತಾತು. ಕಿವಿ ನೆಟ್ಟಗ ಅದಾವಲ್ರಿ ಸರ, ಆಕಿ ಏನರ ಓದಲಿ. ಟೀಚರ ಆದ್ರ ಸಣ್ಣ ಮಾತೇನು?" ಕಣ್ಣೊರೆಸಿಕೊಂಡರು. "ಆದ್ರ ಆಕಿ ತಾನಾಗೇ ಹೇಳೂತನಕಾ ನನಗ ಏನೂ ಗೊತ್ತಿಲ್ಲ. ನಿಮಗ ಒಬ್ಬರಿಗೇ ಹೇಳಾಕತ್ತೀನಿ."

ನನ್ನ ಹೆಂಡತಿ ವೆಂಟಿನ ಕಡೆ ಬೆರಳು ತೋರಿಸಿದಳು. ಆಗ ಹೊಳೆಯಿತು. ಆ ಕೊಳವೆ ಬರೀ ಮೇಲಕ್ಕೆ ಮಾತ್ರ ಮಾತು ತರುತ್ತದೆ ಅಂತ ಯಾರು ಹೇಳಿದ್ದು? ಫರ್ನೇಸ್ ನಿಂತಿದೆ. ಕೆಳಗೆ ಹನ್ನೆರಡು ಮಕ್ಕಳು ಉಸಿರು ಬಿಗಿಹಿಡಿದು ಮೌನವಾಗಿ ಕೂತಿದ್ದಾರೆ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಕೆಂಪು ಲೇಸಿನ ಶೂ ಕೈಯಲ್ಲಿ ಹಿಡಿದು ಹುಡುಗಿ ಬಂದಳು. ಕಣ್ಣು ತುಂಬಿತ್ತು, ತುಟಿ ನಗು ತಡೆಯುತ್ತಿತ್ತು. ಶೂ ಕೆಳಗಿಟ್ಟು ಅಪ್ಪನ ಮುಂದೆ ಕೈಯಾಡಿಸಿ ಏನೋ ಹೇಳಿದಳು.

"ಏನಂದ್ಲ್ರಿ?" ಅಂತ ಡಾಕ್ಟರು ನನ್ನನ್ನು ಕೇಳಿದರು.

"ಗೊತ್ತಿಲ್ಲ. ಗೊತ್ತಿದ್ರೂ ಹೇಳೋ ಹಾಗಿಲ್ಲ," ಅಂದೆ.

"ನಾಲ್ಕು ಗಂಟೆಗೆ ಬಾ ಅಂದೆ, ಅಪ್ಪಾ," ಅಂದಳು ಹುಡುಗಿ. "ಇಟ್ಸ್ ಓನ್ಲಿ ತ್ರೀ. ಅಭ್ಯಾಸ ಇನ್ನೂ ಮುಗ್ದಿಲ್ಲ."

ಡಾಕ್ಟರು ಕೈಗಡಿಯಾರ ನೋಡಿದರು, ನಾನು ಓವನ್ ನೋಡಿದೆ. ಆಮೇಲೆ ಆ ದೊಡ್ಡ ಮನುಷ್ಯ ಎದ್ದು, "ಹಂಗಾರ ನನಗ ಇನ್ನೂ ಒಂದು ತಾಸು ಏನೂ ಗೊತ್ತಿಲ್ಲ," ಅಂತ ಹೇಳಿ ಹೋಗಿ ಕಾರಿನಲ್ಲಿ ಕೂತರು.

ಅವತ್ತು ನವೆಂಬರ್ ತಿಂಗಳ ಮೊದಲ ಭಾನುವಾರ, ಅಮೆರಿಕದಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ನಮ್ಮ ಓವನ್ನಿಗೂ ಡಾಕ್ಟರ ಕೈಗಡಿಯಾರಕ್ಕೂ ಅದನ್ನು ಯಾರೂ ಹೇಳಿರಲಿಲ್ಲ.