ನಮ್ಮ ಸ್ಟುಡಿಯೋ ಗೋಡೆಯ ಹಲ್ಲಿಯವರ ಸನ್ನಿಧಾನಕ್ಕೆ

ಮಾನ್ಯ ಹಲ್ಲಿಯವರೇ,

ಹರಿಹರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ ಖಾಯಂ ವಾಸವಾಗಿರುವ ತಮಗೆ, ಅದೇ ಕೋಣೆಯಲ್ಲಿ ಎಂಟು ತಿಂಗಳಿಂದ ಸ್ವಂತ ವಿಡಿಯೋ ಸಂಸ್ಥೆ ನಡೆಸುತ್ತಿರುವ ಯೋಗರಾಜನ ಸಾಷ್ಟಾಂಗ ನಮಸ್ಕಾರಗಳು. ತಾವು ಬಾಲಸಮೇತ ಕ್ಷೇಮವಾಗಿರುವುದನ್ನು ಈಗಷ್ಟೇ ಕಣ್ಣಾರೆ ಕಂಡೆ. ನನ್ನ ಕ್ಷೇಮ ಮಾತ್ರ ತಮ್ಮ ಬಾಯಲ್ಲಿದೆ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ಮಲೆಬೆನ್ನೂರಿನ ಅಕ್ಕಿ ಗಿರಣಿಯ ಬಕ್ಕೇಶಪ್ಪನವರ ಜಾಹೀರಾತಿಗೆ, ಹೊರಗಿನ ಸದ್ದು ಬರದಿರಲೆಂದು ನಾಲ್ಕೂ ಗೋಡೆಗೆ ಅವ್ವನ ಕೌದಿ ತೂಗುಹಾಕಿ, "ನಮ್ಮ ಅಕ್ಕಿಯಲ್ಲಿ ಒಂದೇ ಒಂದು ಕಲ್ಲಿಲ್ಲ" ಎಂದು ನಾನು ಮೈಕಿನಲ್ಲಿ ಹೇಳಿದ್ದೇ ತಡ, ಒಳಗೇ ಇದ್ದ ತಾವು ಲೊಚಲೊಚ ಎಂದಿರಿ. ನಾನು ಅಳಿಸಲು ಹೊರಟರೆ ಬಕ್ಕೇಶಪ್ಪನವರು ಬೆರಳಿನಿಂದ ಮೇಜು ತಟ್ಟಿ, "ತೆಗೀಬ್ಯಾಡ್ರಿ, ಹಲ್ಲಿನೇ ಸತ್ಯ ಅಂದೈತೆ" ಎಂದು ಹಾಗೇ ಉಳಿಸಿಕೊಂಡರು. ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವೆಂದು ನಂಬುವ ನಮ್ಮ ಜನ, ಅದನ್ನು ನಂದಿಗುಡಿಯಿಂದ ಆವರಗೆರೆಯವರೆಗೆ ವಾಟ್ಸಾಪಿನಲ್ಲಿ ಹಂಚಿದರು. ನಾನು ಆಸೆಪಟ್ಟು ಬರೆಸಿದ ಬೋರ್ಡನ್ನು ಯಾರೂ ಓದಲಿಲ್ಲ. "ಹಲ್ಲಿ ವಿಡಿಯೋದವರು" ಎಂದೇ ಹೆಸರಾದೆ.

ಆಮೇಲೆ ಬಂದವರೆಲ್ಲ ತಮ್ಮ ಲೊಚಲೊಚವೇ ಬೇಕೆನ್ನತೊಡಗಿದರು, ತಾವೋ ಸತ್ಯಸಂಧತೆಯ ವ್ರತ ಹಿಡಿದು ಕೂತಿರಿ. "ಹದಿನೈದೇ ದಿನದಲ್ಲಿ ಹೊಟ್ಟೆ ಮಾಯ" ಎಂದು ಜಿಮ್‌ನವರ ಪರವಾಗಿ ನಾನು ಇಪ್ಪತ್ತು ಸಲ ಕೂಗಿಕೊಂಡರೂ ತಾವು ಕಣ್ಣು ಮಿಟುಕಿಸಲಿಲ್ಲ. "ಹಲ್ಲಿ ಯಾಕ ಸುಮ್ಮನೈತೆ?" ಎಂದು ಅವರು ನನ್ನನ್ನೇ ಗುರಾಯಿಸಿ ಎದ್ದುಹೋದರು. ಹಳೇ ಲೊಚಲೊಚವನ್ನೇ ಕತ್ತರಿಸಿ ಅಂಟಿಸೋಣವೆಂದರೆ ನಮ್ಮವ್ವ ಕೊಟ್ರವ್ವ, "ಸುಳ್ಳು ಸಾಕ್ಷಿ ಹೇಳ್ಸಿದ್ರೆ ಈ ಮನ್ಯಾಗ ನಿಂಗೆ ರೊಟ್ಟಿ ಇಲ್ಲ" ಎಂದುಬಿಟ್ಟಿದ್ದಾಳೆ.

ಈಗ ಕುತ್ತಿಗೆಗೆ ಬಂದಿದೆ. ದಾವಣಗೆರೆಯ ಸೀರೆ ಅಂಗಡಿಯ ವಾಣಿಯವರು ಒಂದು ವರ್ಷದ ವಿಡಿಯೋ ಕೆಲಸವನ್ನೆಲ್ಲ ನನಗೇ ಕೊಡಲು ಮನಸ್ಸು ಮಾಡಿ, ಅದಕ್ಕೆ ಮೊದಲು ನನ್ನ ಸಂಸ್ಥೆಯ ಪರಿಚಯದ ವಿಡಿಯೋವನ್ನು, ಹಲ್ಲಿಸಮೇತ, ಸೋಮವಾರದೊಳಗೆ ನೋಡಬೇಕೆಂದಿದ್ದಾರೆ. ಇದು ತಪ್ಪಿದರೆ ನಾನು ಮೊದಲು ಕೆಲಸಕ್ಕಿದ್ದ ಸ್ಟುಡಿಯೋಗೇ ಹೋಗಿ ಮತ್ತೆ ಇನ್ನೊಬ್ಬರ ಕ್ಯಾಮೆರಾ ಹೊರಬೇಕು. ಅದನ್ನು ನೆನೆದರೇ ಅಳು ಬರುತ್ತದೆ. "ನುರಿತ ಕಲಾವಿದರ ದೊಡ್ಡ ತಂಡ" ಎಂದೆ, ಮೌನ. "ಹೇಳಿದ ದಿನಕ್ಕೇ ವಿಡಿಯೋ ಕೈಗೆ" ಎಂದೆ, ತಾವು ಮುಖ ತಿರುಗಿಸಿ ಒಂದು ಸೊಳ್ಳೆ ತಿಂದಿರಿ. ಅಷ್ಟರಲ್ಲಿ ಚಹಾ ತಂದ ಅವ್ವ ಬಾಗಿಲಲ್ಲೇ ನಿಂತು, "ಇವನ ಈ ದಂಧೆ ನಡಿಯಲ್ಲ ಬಿಡು" ಎಂದು ಗೊಣಗಿದಳು ನೋಡಿ, ಸ್ವಾಮಿ, ಏನು ಆ ಉತ್ಸಾಹ! ಒಂದಲ್ಲ, ಮೂರು ಸಲ ಲೊಚಗುಟ್ಟಿದಿರಿ.

ತಾವು ತಿನ್ನುವ ಹುಳುಗಳೆಲ್ಲ ನನ್ನ ಶೂಟಿಂಗ್ ಲೈಟಿಗೇ ಬಂದವು ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ. ಆದ್ದರಿಂದ ತಾವು ದಿನಕ್ಕೆ ಎರಡು ಗಂಟೆ ನಿಗದಿತ ವೇಳೆಗೆ ಹಾಜರಿರಬೇಕೆಂದೂ, ಪೂರಾ ನಿಜವಲ್ಲದ ಮಾತಿಗೆ ಕನಿಷ್ಠ ಅರ್ಧ ಲೊಚವನ್ನಾದರೂ ದಯಪಾಲಿಸಬೇಕೆಂದೂ, ಅವ್ವನ ಅಭಿಪ್ರಾಯಗಳಿಗೆ ಪ್ರತಿಕ್ರಿಯಿಸಬಾರದೆಂದೂ ಕೋರುತ್ತೇನೆ. ಅಸಲಿಗೆ ನನ್ನ ತಂಡವೆಂದರೆ ನಾನೊಬ್ಬನೇ; ಎರಡು ದಿನ ತಡವಾಗುತ್ತದೆ, ಆದರೆ ಮನಸ್ಸಿಟ್ಟು ಮಾಡುತ್ತೇನೆ. ಇಷ್ಟನ್ನು ತಮ್ಮಂಥ ದೊಡ್ಡವರಲ್ಲದೆ ಇನ್ನಾರ ಮುಂದೆ ಹೇಳಲಿ?

ಒಂದೇ ಸೂರಿನಡಿಯ,
ತಮ್ಮ ವಿಶ್ವಾಸಿ,
ಯೋಗರಾಜ್

ತಾ.ಕ.: ಮೈಕ್ ಪರೀಕ್ಷೆಗೆಂದು ಈ ಪತ್ರವನ್ನೇ ತಮ್ಮೆದುರು ಗಟ್ಟಿಯಾಗಿ ಓದಿದೆ. ಹೊಗಳಿಕೆಗೆಲ್ಲ ಸುಮ್ಮನಿದ್ದ ತಾವು "ನನ್ನ ತಂಡವೆಂದರೆ ನಾನೊಬ್ಬನೇ" ಎಂಬಲ್ಲಿಂದ "ಮನಸ್ಸಿಟ್ಟು ಮಾಡುತ್ತೇನೆ" ಎಂಬಲ್ಲಿಗೆ ಬಂದಾಗ ಲೊಚಲೊಚ ಎಂದಿರಿ. ಅಷ್ಟನ್ನೇ ಕತ್ತರಿಸಿ ವಾಣಿಯವರಿಗೆ ಕಳಿಸಿದೆ. "ಇದೇ ಇರ್ಲಿ ಬಿಡ್ರಿ, ಕೆಲಸ ನಿಮಗೇ. ನಾಳೆ ನಾನೇ ಬರ್ತೀನಿ, ನಮ್ಮ ಅಂಗ್ಡ್ಯಾಗಿನ ಸೀರೆ ಎಲ್ಲಾ ಅಪ್ಪಟ ರೇಷ್ಮೆ ಅಂತ ಹಲ್ಲಿ ಮುಂದೇನೇ ಹೇಳ್ತೀನಿ" ಎಂದಿದ್ದಾರೆ. ಆ ಮಾತಿಗೆ ತಾವು ಸುಮ್ಮನಿದ್ದುಬಿಟ್ಟರೆ ನನ್ನ ಗತಿಯೇನು? ಆದಕಾರಣ ನಾಳೆ ಒಂದು ದಿನ ತಾವು ಕಡ್ಡಾಯ ರಜೆಯ ಮೇಲೆ ಕೆಳಗಿನ ಅಡುಗೆಮನೆಗೆ ತೆರಳಬೇಕು. ಅಲ್ಲಿ ತಮ್ಮ ಸ್ವಾಗತಕ್ಕೆ ಅವ್ವ ಇದ್ದಾಳೆ. ಅವಳ ಕೈಯಲ್ಲಿ ಕಸಬರಿಗೆಯೂ ಇದೆ.