ಗಿಳಿರಾಯನ ಮೂರನೇ ಪರೀಕ್ಷೆ

ಆ ದಿನದ ಎಡವಟ್ಟಿಗೆಲ್ಲ ಮೂಲ, ಬೆಳಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಆಡಿದ ಒಂದು ಮಾತು. ಬರುವಾಗ ಈರುಳ್ಳಿ, ಸಾಬೂನು, ರಿಪೇರಿಗೆ ಕೊಟ್ಟ ಅಪ್ಪನ ಕನ್ನಡಕ ತನ್ನಿ ಎಂದಳು. ಈರುಳ್ಳಿ, ಸಾಬೂನು, ಮಾವನ ಕನ್ನಡಕ ಎಂದು ಗಿಳಿರಾಯ ತಿರುಗಿ ಒಪ್ಪಿಸಿದ.

"ರೀ, ಹೇಳಿದ್ದನ್ನೇ ಹೇಳಿ ತಲೆ ತಿನ್ಬೇಡಿ. ಹೂಂ ಅಂದ್ರೆ ಸಾಕು."

ತಪ್ಪು ಅವನದಲ್ಲ, ಕಸುಬಿನದು. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ಪೈಲಟ್‌ಗಳಿಗೆ ಹಾದಿ ಹೇಳುವ ಕೆಲಸವನ್ನು ಅವನು ಕಲಿಯುತ್ತಿದ್ದ. ಅಲ್ಲಿ ಕೇಳಿಸಿಕೊಂಡ ಮಾತನ್ನು ಪೂರ್ತಿ ತಿರುಗಿ ಒಪ್ಪಿಸಲೇಬೇಕು. ನಾಲ್ಕು ವರ್ಷ ಈ ಗಿಳಿಪಾಠ ನಡೆದು, ಸಹೋದ್ಯೋಗಿಗಳ ಬಾಯಲ್ಲಿ ಅವನು ಗಿಳಿರಾಯನೇ ಆಗಿಹೋಗಿದ್ದ. ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದ. ಇವತ್ತು ಮೂರನೆಯದು. ಪಾಸಾಗಿ, ಸಂಜೆ ಐದರೊಳಗೆ ದೊಡ್ಡ ಸಾಹೇಬರ ಸಹಿ ಬಿದ್ದರೆ ಕೆಲಸ ಕಾಯಂ. ಐದು ದಾಟಿದರೆ ಪರೀಕ್ಷೆಯೇ ರದ್ದು. ರಜೆಯಲ್ಲಿದ್ದ ಸಾಹೇಬರು ಮಧ್ಯಾಹ್ನ ಬರುವವರಿದ್ದರು.

ಪರೀಕ್ಷಕರು ಪಟ್ಟಿ ಹಿಡಿದು ಅವನ ಬೆನ್ನಿಗೇ ಕುರ್ಚಿ ಹಾಕಿಕೊಂಡರು. ಹವಾಮಾನ ವಿಭಾಗದವನು, ಧೈರ್ಯಕ್ಕೆ ನೀರು ಕುಡಿಯುತ್ತಿರು ಎಂದ. ಪಕ್ಕದ ಸೀಟಿನ ಅಕ್ಕ, ಕುಡಿದರೆ ಮಧ್ಯದಲ್ಲಿ ಏಳಬೇಕಾಗುತ್ತದೆ, ಬೇಡ ಎಂದಳು. ಅಷ್ಟರಲ್ಲಿ ಎರಡು ಲೋಟ ಮುಗಿದಿತ್ತು.

ಮಧ್ಯಾಹ್ನ ಒಂದು ವಿಮಾನ ಹಾದಿ ಕೇಳಿತು. ಪೂರ್ತಿ ಹೇಳಿ, ಪೂರ್ತಿ ತಿರುಗಿ ಹೇಳಿಸಬೇಕಿತ್ತು. ಗಿಳಿರಾಯನಿಗೆ ಹೆಂಡತಿಯ ಮುಖ ನೆನಪಾಯಿತು. ನಿಮ್ಮ ಕಾಗದದಲ್ಲಿರುವ ಹಾದಿಯಲ್ಲೇ ಬನ್ನಿ ಎಂದುಬಿಟ್ಟ. ಪೈಲಟ್ ಹೂಂ ಎಂದ. ಬದುಕು ಇಷ್ಟು ಸುಲಭವೇ ಎನ್ನಿಸಿತು.

ಆದರೆ ಬೆಳಗ್ಗೆಯಷ್ಟೇ ಹಾದಿ ಬದಲಾಗಿತ್ತು. ಗಿಳಿರಾಯನ ಮುಂದಿದ್ದ ಹೊಸ ಕಾಗದ ಕೆರೆಯ ಕಡೆಯಿಂದ ಬಾ ಎನ್ನುತ್ತಿತ್ತು. ಪೈಲಟ್ ಬಳಿಯಿದ್ದ ಹಳೆಯದು ಗುಡ್ಡದ ಕಡೆಯಿಂದ. ರೇಡಾರ್ ತೆರೆಯ ಮೇಲಿನ ಚುಕ್ಕೆ ಗುಡ್ಡದತ್ತ ಹೊರಳಿತು. ಅಲ್ಲಿ ಇನ್ನೊಂದು ವಿಮಾನ ಆಗತಾನೇ ಮೇಲೇರುತ್ತಿತ್ತು.

ಗಿಳಿರಾಯ ಮೈಕಿಗೆ ಬಾಗಿದ. ಹಿಂದಿನ ಕುರ್ಚಿ ಕಿರ್ರೆಂದಿತು. ಏರುವವನನ್ನು ಇದ್ದ ಎತ್ತರದಲ್ಲೇ ತಡೆದ, ಬರುವವನನ್ನು ಬಲಕ್ಕೆ ತಿರುಗಿಸಿದ, ಇಬ್ಬರಿಂದಲೂ ಒಂದೊಂದು ಮಾತನ್ನೂ ತಿರುಗಿ ಹೇಳಿಸಿದ. ಚುಕ್ಕೆಗಳು ದೂರ ಸರಿದವು. ಸುತ್ತು ಹಾಕಿದ ಮೇಲೆ ಸರದಿ ಕಾಯುವಷ್ಟು ಇಂಧನ ಉಳಿದಿಲ್ಲವೆಂದು ಇಳಿಯಲು ಬರುತ್ತಿದ್ದ ಪೈಲಟ್ ಪಕ್ಕದೂರಿಗೆ ಹೋಗಿ ಇಳಿದ.

ತಪ್ಪು ನನ್ನದೇ ಎಂದು ಗಿಳಿರಾಯ ತಲೆ ತಗ್ಗಿಸಿದ.

"ಹೌದು, ನಿಮ್ದೇ" ಎಂದರು ಪರೀಕ್ಷಕರು. "ಆದ್ರೆ ನಾನು ಬಾಯಿ ಬಿಡೋಕೆ ಮುಂಚೆ ನೀವೇ ಸರಿ ಮಾಡಿದ್ರಿ. ಪಾಸು."

ಪಾಪ, ಅವನ ಕಣ್ಣು ತುಂಬಿ ಬಂತು. ಅಕ್ಕ ಬೆನ್ನು ತಟ್ಟಿದಳು. ಹವಾಮಾನದವನು ಎಲ್ಲ ನೀರಿನ ಮಹಿಮೆ ಎಂದ. ಸಹಿಯ ಕಾಗದ ಹಿಡಿದು ಗಿಳಿರಾಯ ಸಾಹೇಬರ ಕೋಣೆಯ ಬಾಗಿಲಿಗೆ ನಾಲ್ಕು ಸಲ ಹೋಗಿ ಬಂದ. ಬಾಗಿಲಿಗೆ ಬೀಗವಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಸಾಹೇಬರದೇ ದನಿ.

"ನನ್ನ ವಿಮಾನಾನ ಪಕ್ಕದೂರಿಗೆ ಓಡಿಸಿದ್ದು ನೀವೇ ಏನ್ರೀ? ನಾಳೆವರೆಗೂ ಇಲ್ಲಿಂದ ವಿಮಾನ ಇಲ್ಲ, ರಸ್ತೇಲಿ ಬಂದ್ರೆ ರಾತ್ರಿ ಆಗುತ್ತೆ. ಸಹಿ ಆಗಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂತ್ಕೊಳ್ಳಿ. ಕೇಳಿಸ್ತಾ?"

ಹೂಂ ಎನ್ನಲು ಹೋಗಿ ಗಿಳಿರಾಯ ತಡೆದುಕೊಂಡ.

"ಕೇಳಿಸ್ತು ಸಾರ್. ನಾಳೆವರೆಗೂ ಅಲ್ಲಿಂದ ವಿಮಾನ ಇಲ್ಲ, ರಸ್ತೇಲಿ ಬಂದ್ರೆ ರಾತ್ರಿ ಆಗುತ್ತೆ. ಸಹಿ ಆಗಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂತ್ಕೊಳ್ಳೋದು."

ಒಂದಕ್ಷರವೂ ಬಿಡದೆ ಒಪ್ಪಿಸಿದ್ದಕ್ಕೆ ಪರೀಕ್ಷಕರು ಪಟ್ಟಿ ತೆರೆದು ಇನ್ನೊಂದು ಅಂಕ ಸೇರಿಸಿದರು.